ಫೈಟರ್ ಪಾತ್ರವನ್ನು ಹೊಸಬರ ತಲೆಗೆ ಕಟ್ಟುವ ಮೊದಲು

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ, ಮೇಜಿನ ಸುತ್ತ ಕೂತು ಆಡುವ ಕಥೆಯಾಟಗಳ ಬಗ್ಗೆ ಲೇಖನ ಬಂದಿತ್ತು. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟಕ್ಕೆ ಕನ್ನಡ ಪತ್ರಿಕೆಯಲ್ಲಿ ಅರ್ಧ ಪುಟ ಸಿಕ್ಕಿದ್ದು ನೋಡಿ ತುಂಬಾ ಖುಷಿಯಾಯಿತು. ಬರೆದವರಿಗೆ ಧನ್ಯವಾದ. ಆದರೆ ಅದರಲ್ಲಿದ್ದ ಒಂದು ಸಲಹೆ ನನಗೆ ಒಪ್ಪಿಗೆಯಿಲ್ಲ. ಮೊದಲ ಸಲ ಆಡುವವರಿಗೆ ಫೈಟರ್, ಅಂದರೆ ಆಯುಧ ಹಿಡಿದು ಕಾದಾಡುವ ಯೋಧನ ಪಾತ್ರ ಕೊಡಿ, ಅದರಲ್ಲಿ ಯೋಚಿಸುವುದಕ್ಕೆ ಏನೂ ಇರುವುದಿಲ್ಲ, ದಾಳ ಉರುಳಿಸಿದರೆ ಸಾಕು ಎಂಬ ಅರ್ಥದ ಮಾತು ಅಲ್ಲಿತ್ತು. ಈ ಪತ್ರ ಪೂರ್ತಿ ಆ ಒಂದು ಮಾತಿನ ಬಗ್ಗೆಯೇ. ಸ್ವಲ್ಪ ಉದ್ದವಾಗಿದೆ. ಕತ್ತರಿಸುವುದಿದ್ದರೆ ಗುರಾಣಿಯ ಭಾಗವನ್ನೂ ಸೇತುವೆಯ ಭಾಗವನ್ನೂ ದಯವಿಟ್ಟು ಉಳಿಸಿಕೊಳ್ಳಿ.

ನಾನು ಮೈಸೂರಿನ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಭಾನುವಾರ ಊಟವಾದ ಮೇಲೆ ನಮ್ಮ ಮನೆಯ ಡೈನಿಂಗ್ ಟೇಬಲ್ ಮೇಲೆ ಈ ಆಟ ನಡೆಯುತ್ತದೆ. ಆಡಿಸುವವಳು, ಅಂದರೆ ಡಂಜನ್ ಮಾಸ್ಟರ್, ನಾನು. ಆಡುವವರು ನನ್ನ ಅಕ್ಕನ ಮಗಳು, ಎದುರು ಮನೆಯ ಹುಡುಗ, ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು ಮತ್ತು ಅವರ ಮಗ. ಮಾತೆಲ್ಲ ಕನ್ನಡದಲ್ಲೇ. ನಿಯಮಗಳ ಹೆಸರು ಮಾತ್ರ ಪುಸ್ತಕದಲ್ಲಿ ಇದ್ದ ಹಾಗೆಯೇ ಬಾಯಿಗೆ ಬಂದಿದೆ.

ಲೇಖನ ಓದದವರಿಗಾಗಿ ನಾಲ್ಕು ಮಾತು. ಆಡಿಸುವವರು ಒಂದು ಜಾಗವನ್ನು ವರ್ಣಿಸುತ್ತಾರೆ. ಹಾಳುಬಿದ್ದ ಕೋಟೆ, ನೆಲಮಾಳಿಗೆ, ಗುಹೆ, ಹೀಗೆ. ಒಬ್ಬೊಬ್ಬ ಆಟಗಾರರಿಗೂ ಒಂದು ಪಾತ್ರ. ನಾನು ಬಾಗಿಲು ತೆಗೆಯುತ್ತೇನೆ, ನಾನು ಕಿವಿಗೊಟ್ಟು ಕೇಳುತ್ತೇನೆ, ನಾನು ಓಡಿಹೋಗುತ್ತೇನೆ ಎಂದು ಅವರು ಹೇಳುತ್ತಾರೆ. ಆಗುತ್ತೋ ಇಲ್ಲವೋ ಎಂಬ ಅನುಮಾನ ಇದ್ದಲ್ಲಿ ದಾಳ ಉರುಳಿಸುತ್ತೇವೆ. ನಾಲ್ಕು ಮುಖದ ದಾಳದಿಂದ ಇಪ್ಪತ್ತು ಮುಖದ ದಾಳದವರೆಗೆ ಬೇರೆ ಬೇರೆ ದಾಳಗಳಿವೆ. ಮೊಬೈಲ್ ಬೇಡ, ಟಿವಿ ಬೇಡ. ಕಾಗದ, ಪೆನ್ಸಿಲ್ ಇದ್ದರೆ ಸಾಕು.

ಆಟ ಅಚ್ಚಾಗಿದ್ದು 1974ರಲ್ಲಿ, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಲ್ಲಿ. ಬರೆದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಒಂದು ಪೆಟ್ಟಿಗೆಯಲ್ಲಿ ಮೂರು ಪುಟ್ಟ ಪುಸ್ತಕಗಳಿದ್ದವು. ಆಗ ಇದ್ದ ಪಾತ್ರಗಳೂ ಮೂರೇ: ಕತ್ತಿ ಹಿಡಿಯುವ ಫೈಟಿಂಗ್ ಮ್ಯಾನ್ (ಇವನೇ ಮುಂದೆ ಫೈಟರ್ ಆದವನು), ಮಂತ್ರ ಹಾಕುವ ಮ್ಯಾಜಿಕ್ ಯೂಸರ್, ದೇವರ ಹೆಸರಿನಲ್ಲಿ ಗಾಯ ವಾಸಿ ಮಾಡುವ ಕ್ಲೆರಿಕ್. ಕಳ್ಳನ ಪಾತ್ರ ಬಂದಿದ್ದು ಮುಂದಿನ ವರ್ಷ.

ಇಲ್ಲಿ ಒಂದು ಹಳೆಯ ಸಂಗತಿ ನೆನಪಿಡಬೇಕು. ಈ ಆಟಕ್ಕೂ ಮೊದಲು, 1971ರಲ್ಲಿ, ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ ಸೇರಿ ‘ಚೈನ್‌ಮೇಲ್’ ಎಂಬ ಯುದ್ಧದಾಟದ ನಿಯಮ ಬರೆದಿದ್ದರು. ಸಣ್ಣ ಸಣ್ಣ ಸೈನಿಕರ ಗೊಂಬೆ ಜೋಡಿಸಿ ಆಡುವ ಆಟ ಅದು. ಅದರಲ್ಲಿ ಒಬ್ಬ ಹೀರೋ ನಾಲ್ಕು ಸೈನಿಕರಿಗೆ ಸಮ. ಸೂಪರ್‌ಹೀರೋ ಎಂಟು ಜನಕ್ಕೆ ಸಮ. 1974ರ ಪುಸ್ತಕದಲ್ಲಿ ನಾಲ್ಕನೇ ಲೆವೆಲ್‌ನ (ಅನುಭವದ ಅಂಕ ಗಳಿಸಿದಂತೆ ಪಾತ್ರ ಏರುವ ಮೆಟ್ಟಿಲು) ಫೈಟರ್‌ಗೆ ಹೀರೋ ಎಂದೂ ಎಂಟನೇ ಲೆವೆಲ್‌ನವನಿಗೆ ಸೂಪರ್‌ಹೀರೋ ಎಂದೂ ಬಿರುದು ಕೊಟ್ಟಿದ್ದು ಸುಮ್ನೆ ಅಲ್ಲ. ಒಬ್ಬನೇ ನಿಂತು ಒಂದು ಗುಂಪನ್ನು ಚದುರಿಸುವವನು ಫೈಟರ್. ಅವನು ಹುಟ್ಟಿದ್ದೇ ಹಾಗೆ. 1978ರ ದೊಡ್ಡ ಪುಸ್ತಕದಲ್ಲೂ ಈ ಗುಣ ಉಳಿದಿತ್ತು. ತೀರಾ ದುರ್ಬಲ ಶತ್ರುಗಳ ಎದುರು ಫೈಟರ್ ತನ್ನ ಲೆವೆಲ್ ಎಷ್ಟೋ ಅಷ್ಟು ಸಲ ಹೊಡೆಯಬಹುದಿತ್ತು.

ಆದರೆ ಇವತ್ತು ಹಳೆ ಶೈಲಿಯಲ್ಲಿ ಆಡುವ ಬಹಳಷ್ಟು ಮಂದಿ ಹಿಡಿಯುವುದು 1981ರ ಸರಳ ಆವೃತ್ತಿಯನ್ನು. ಟಾಮ್ ಮೋಲ್ಡ್‌ವೇ ಮತ್ತು ಡೇವಿಡ್ ಕುಕ್ ತಿದ್ದಿ ಕೊಟ್ಟದ್ದು. 2019ರಲ್ಲಿ ಬಂದ ‘ಓಲ್ಡ್ ಸ್ಕೂಲ್ ಎಸೆನ್ಷಿಯಲ್ಸ್’ ಕೂಡ ಅದನ್ನೇ ಚೊಕ್ಕವಾಗಿ ಜೋಡಿಸಿಕೊಟ್ಟಿರುವ ಪುಸ್ತಕ. ನಮ್ಮ ಮನೆಯಲ್ಲೂ ಇದೇ. ಓದುವುದಕ್ಕೆ ಸುಲಭ, ಮಕ್ಕಳಿಗೆ ಬೇಗ ಹಿಡಿಸುತ್ತದೆ. ಇದರಷ್ಟು ಅಚ್ಚುಕಟ್ಟಾದ ನಿಯಮ ನಾನು ಬೇರೆ ಕಂಡಿಲ್ಲ. ಆದರೆ ಈ ಅಚ್ಚುಕಟ್ಟಿನಲ್ಲಿ ಫೈಟರ್‌ನ ಗುಂಪು ಚದುರಿಸುವ ಗುಣ ಬಿಟ್ಟುಹೋಗಿದೆ. ಅವನಿಗೆ ಉಳಿದದ್ದು ಕಾಳಗದ ಒಂದೊಂದು ಸುತ್ತಿನಲ್ಲಿ ಒಂದೇ ಹೊಡೆತ.

ಲೆಕ್ಕ ನೋಡೋಣ. 1981ರ ಪುಸ್ತಕದ ದಾಳಿಯ ಪಟ್ಟಿಯಲ್ಲಿ ಒಂದರಿಂದ ಮೂರನೇ ಲೆವೆಲ್‌ವರೆಗೆ ಎಲ್ಲ ಪಾತ್ರಗಳೂ ಒಂದೇ ಸಾಲಿನಲ್ಲಿವೆ. ಫೈಟರ್, ಕ್ಲೆರಿಕ್, ಥೀಫ್, ಮಂತ್ರ ಬಿಟ್ಟು ಬೇರೇನೂ ಕಲಿಯದ ಮ್ಯಾಜಿಕ್ ಯೂಸರ್, ಎಲ್ಲರ ಗುರಿಯೂ ಒಂದೇ. ಒಂದು ಗಾಬ್ಲಿನ್‌ಗೆ, ಅಂದರೆ ಪುಟ್ಟ ರಾಕ್ಷಸನಿಗೆ, ಪೆಟ್ಟು ತಾಗಬೇಕಾದರೆ ಇಪ್ಪತ್ತು ಮುಖದ ದಾಳದಲ್ಲಿ 13 ಅಥವಾ ಅದಕ್ಕಿಂತ ಜಾಸ್ತಿ ಬೀಳಬೇಕು. ಅಂದರೆ ಶೇ 40 ಅವಕಾಶ. ಮೂರು ಸುತ್ತು ಸತತವಾಗಿ ಗುರಿ ತಪ್ಪುವ ಸಾಧ್ಯತೆ ಶೇ 21.6. ಐದು ಕಾಳಗಗಳಲ್ಲಿ ಒಂದರಲ್ಲಾದರೂ ಮಗು ಮೂರು ಸಲ ದಾಳ ಉರುಳಿಸಿ, ಮೂರು ಸಲವೂ ‘ತಪ್ಪಿತು’ ಎಂದು ಕೇಳಿಸಿಕೊಂಡು ಕೂರಬೇಕು. ತಾಗಿದರೂ ಒಂದೇ ಏಟಿಗೆ ಗಾಬ್ಲಿನ್ ಸಾಯುತ್ತದೆ ಎಂದೇನಿಲ್ಲ. ಪೆಟ್ಟು ಎಷ್ಟು ದೊಡ್ಡದು ಎಂದು ನೋಡಲು ಕತ್ತಿಗೆ ಎಂಟು ಮುಖದ ದಾಳ ಕೊಟ್ಟು ಲೆಕ್ಕ ಹಾಕಿದರೂ ಮೂರ್ನಾಲ್ಕು ಸುತ್ತುಗಳಲ್ಲಿ ಒಂದು ಗಾಬ್ಲಿನ್ ಬೀಳುತ್ತದೆ, ಅಷ್ಟೇ. ಪಕ್ಕದಲ್ಲಿ ಕೂತ ಮ್ಯಾಜಿಕ್ ಯೂಸರ್ ಬಳಿ ನಿದ್ದೆಯ ಮಂತ್ರ ಇದೆ. ಎಂಟು ಮುಖದ ಎರಡು ದಾಳ ಉರುಳಿಸಿದರೆ ಸರಾಸರಿ ಒಂಬತ್ತು ಗಾಬ್ಲಿನ್‌ಗಳು ಒಟ್ಟಿಗೆ ಮಲಗುತ್ತವೆ. ತಪ್ಪಿಸಿಕೊಳ್ಳುವ ಅವಕಾಶವೇ ಅವಕ್ಕಿಲ್ಲ. ದಿನಕ್ಕೆ ಒಂದೇ ಸಲ ಹಾಕಬಹುದಾದ ಮಂತ್ರ ಅದು, ಅದನ್ನು ನಾನು ಕಿತ್ತುಕೊಳ್ಳುವುದಿಲ್ಲ. ಆದರೆ ಫೈಟರ್‌ನ ಗುರಿ ಮೊದಲ ಸಲ ಸುಧಾರಿಸುವುದು ನಾಲ್ಕನೇ ಲೆವೆಲ್‌ನಲ್ಲಿ, 8,000 ಅನುಭವದ ಅಂಕ ಗಳಿಸಿದ ಮೇಲೆ. ಅಲ್ಲಿಯವರೆಗೆ ಎಷ್ಟು ಭಾನುವಾರ ಬೇಕು, ಆಡಿಸಿದವರಿಗೆ ಗೊತ್ತು.

ಹೀಗಿರುವಾಗ ಫೈಟರ್ ಸುಲಭ ಎಂದು ಹೊಸಬರ ಕೈಗೆ ಕೊಡುವುದು, ಬೀದಿ ಕ್ರಿಕೆಟ್‌ನಲ್ಲಿ ಹೊಸ ಹುಡುಗನನ್ನು ಮೋರಿ ಪಕ್ಕ ಫೀಲ್ಡಿಂಗ್‌ಗೆ ನಿಲ್ಲಿಸಿದ ಹಾಗೆ. ಅವನು ಆಟದಲ್ಲಿ ಇದ್ದಾನೆ ಅಂತ ಹೆಸರಿಗೆ ಮಾತ್ರ. ಎರಡು ವಾರ ಬರುತ್ತಾನೆ, ಮೂರನೇ ವಾರ ಹೋಂವರ್ಕ್ ಇದೆ ಅನ್ನುತ್ತಾನೆ.

ನಮ್ಮ ವಿಜ್ಞಾನದ ಮೇಷ್ಟ್ರು ಇದಕ್ಕೆ ಒಂದು ವಾದ ಹೂಡುತ್ತಾರೆ. ಅದರಲ್ಲಿ ನಿಜವೂ ಇದೆ. ಫೈಟರ್‌ನ ಬಲ ಇರುವುದು ಹೊಡೆಯುವುದರಲ್ಲಲ್ಲ, ಪೆಟ್ಟು ತಿನ್ನದಿರುವುದರಲ್ಲಿ ಎನ್ನುತ್ತಾರೆ ಅವರು. ಲೋಹದ ಕವಚ ತೊಟ್ಟು ಗುರಾಣಿ ಹಿಡಿದವನಿಗೆ ಗಾಬ್ಲಿನ್‌ನ ಏಟು ತಾಗುವುದು ಶೇ 20ರಷ್ಟು ಮಾತ್ರ. ಬರೀ ನಿಲುವಂಗಿ ತೊಟ್ಟ ಮಾಂತ್ರಿಕನಿಗೆ ಶೇ 55. ಲೆಕ್ಕ ಸರಿಯಾಗಿದೆ. ಆದರೆ ಪೆಟ್ಟು ಬೀಳದೇ ಇರುವುದು ಆಟಗಾರನು ಮಾಡುವ ಕೆಲಸವಲ್ಲ ಅಲ್ವಾ? ನಾನು ದಾಳ ಉರುಳಿಸುತ್ತೇನೆ, ತಪ್ಪಿತು ಅನ್ನುತ್ತೇನೆ, ಅವನು ಸುಮ್ನೆ ಕೂತಿರುತ್ತಾನೆ. ಮಾಂತ್ರಿಕನಿಗೆ ಪ್ರತಿ ಸುತ್ತಿನಲ್ಲೂ ಒಂದು ಪ್ರಶ್ನೆ ಇರುತ್ತದೆ: ಮಂತ್ರ ಈಗ ಹಾಕಲೋ, ಉಳಿಸಿಕೊಳ್ಳಲೋ? ಕಳ್ಳನಿಗೂ ಇರುತ್ತದೆ: ಹಿಂದಿನಿಂದ ಹೋಗಲೋ, ಪೆಟ್ಟಿಗೆ ತೆಗೆಯಲೋ? ಫೈಟರ್‌ಗೂ ಅಂಥ ಪ್ರಶ್ನೆ ಬೇಕು. ಅವನ ಅಂಕಿಗಳನ್ನು ದೊಡ್ಡದು ಮಾಡಿದರೆ ಅರ್ಧ ಕೆಲಸವೂ ಆಗುವುದಿಲ್ಲ. ಏನು ಮಾಡಲಿ ಎಂದು ಅವನು ಯೋಚಿಸುವಂತೆ ಆಗಬೇಕು.

ಅದಕ್ಕೇ ನಮ್ಮ ಮನೆಯಲ್ಲಿ ಕೆಲವು ಸ್ವಂತ ನಿಯಮಗಳಿವೆ. ಮನೆಮನೆಗೂ ತಮ್ಮದೇ ನಿಯಮ ಇರುವುದು ಈ ಆಟದಲ್ಲಿ ಮೊದಲಿನಿಂದಲೂ ಇರುವ ಪದ್ಧತಿ. 1974ರ ಪುಸ್ತಕಗಳು ಎಷ್ಟೋ ಕಡೆ ಖಾಲಿ ಬಿಟ್ಟಿದ್ದವು, ಆಡುವವರೇ ತುಂಬಿಕೊಂಡರು.

ಸಣ್ಣವನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮಲ್ಲಿ ಫೈಟರ್ ಮೊದಲ ಲೆವೆಲ್‌ನಲ್ಲಿ ಪೂರ್ತಿ 8 ಹಿಟ್ ಪಾಯಿಂಟ್‌ನೊಂದಿಗೇ, ಅಂದರೆ ಜೀವದ ಅಂಕದೊಂದಿಗೇ, ಶುರು ಮಾಡುತ್ತಾನೆ. ದಾಳದಲ್ಲಿ 1 ಬಿದ್ದು, ಬೆಕ್ಕು ಪರಚಿದರೆ ಸಾಯುವ ಯೋಧ ಯಾರಿಗೂ ಬೇಡ. ಮೋಲ್ಡ್‌ವೇ ಪುಸ್ತಕವೇ 1 ಅಥವಾ 2 ಬಿದ್ದರೆ ಇನ್ನೊಮ್ಮೆ ಉರುಳಿಸಲು ಬಿಡಬಹುದು ಎನ್ನುತ್ತದೆ. ಇನ್ನು ದಾಳಿಯ ದಾಳಕ್ಕೆ ಮೊದಲಿನಿಂದಲೇ 2 ಸೇರಿಸಿಕೊಳ್ಳಬಹುದು. ಗಾಬ್ಲಿನ್ ಎದುರು ಶೇ 40 ಇದ್ದದ್ದು ಶೇ 50 ಆಗುತ್ತದೆ. ಸತತ ಮೂರು ಸಲ ತಪ್ಪುವ ಸಾಧ್ಯತೆ ಶೇ 12.5ಕ್ಕೆ ಇಳಿಯುತ್ತದೆ. ಇದು ಫೈಟರ್‌ಗೆ ಮಾತ್ರ, ಎಲ್ಫ್ ಎಂಬ ಇನ್ನೊಂದು ಪಾತ್ರಕ್ಕೆ ಇಲ್ಲ. 1981ರ ನಿಯಮದಲ್ಲಿ ಎಲ್ಫ್ ಫೈಟರ್‌ನಷ್ಟೇ ಚೆನ್ನಾಗಿ ಕಾದಾಡುತ್ತದೆ, ಮಂತ್ರವನ್ನೂ ಹಾಕುತ್ತದೆ. ಅದಕ್ಕೆ ಅಷ್ಟು ಸಾಕು.

ಈಗ ಗುರಾಣಿ. ಪುಸ್ತಕದ ಪ್ರಕಾರ ಗುರಾಣಿಯ ಬೆಲೆ 10 ಚಿನ್ನದ ನಾಣ್ಯ, ಅದರ ಪ್ರಯೋಜನ ಇಪ್ಪತ್ತರಲ್ಲಿ ಒಂದು ಪಾಲು. ಅಂದರೆ ಶತ್ರುವಿನ ಏಟು ತಾಗುವ ಅವಕಾಶ ಶೇ 5 ಕಡಿಮೆಯಾಗುತ್ತದೆ. ಕೈಯಲ್ಲಿ ಗುರಾಣಿ ಇದೆ ಎಂಬುದೇ ಮಕ್ಕಳಿಗೆ ಮರೆತುಹೋಗುತ್ತಿತ್ತು. ಹಳೆ ಶೈಲಿಯ ಆಟಗಾರರ ನಡುವೆ 2008ರ ಸುಮಾರಿಗೆ ಒಂದು ನಿಯಮ ಹಬ್ಬಿತು. ಏಟು ತಾಗಿದ ಮೇಲೆ ಆಟಗಾರ ‘ಗುರಾಣಿ ಒಡೆಯಲಿ’ ಎನ್ನಬಹುದು. ಗುರಾಣಿ ಚೂರಾಗುತ್ತದೆ, ಆ ಏಟಿನ ಪೆಟ್ಟು ಒಂದಿಷ್ಟೂ ಬೀಳುವುದಿಲ್ಲ. ಅಷ್ಟೇ ನಿಯಮ. ಎಷ್ಟು ಚಿಕ್ಕದು ನೋಡಿ. ಆದರೆ ಮೇಜಿನ ಮೇಲೆ ಅದು ಮಾಡುವ ಕೆಲಸ ದೊಡ್ಡದು. ಈಗ ಫೈಟರ್‌ಗೂ ಮಾಂತ್ರಿಕನಿಗೆ ಇದ್ದಂಥದ್ದೇ ಪ್ರಶ್ನೆ. ಈ ಏಟಿಗೆ ಗುರಾಣಿ ಕೊಡಲೋ, ಮುಂದೆ ಇದಕ್ಕಿಂತ ದೊಡ್ಡದು ಬಂದರೆ? ಎರಡೂ ಕೈಯಲ್ಲಿ ಹಿಡಿಯುವ ದೊಡ್ಡ ಕತ್ತಿ ಬೇಕು ಎಂದು ಹಟ ಮಾಡುತ್ತಿದ್ದ ಎದುರು ಮನೆಯ ಹುಡುಗ, ಈ ನಿಯಮ ಬಂದ ಮೇಲೆ ತಾನಾಗಿಯೇ ಗುರಾಣಿ ಕೊಂಡ.

ಹುಡುಗರು ಜಾಣರು. ಹತ್ತು ನಾಣ್ಯಕ್ಕೆ ಒಂದು ಜೀವ ಸಿಗುತ್ತದೆ ಅಂದರೆ ಬೆನ್ನಿಗೆ ಐದು ಗುರಾಣಿ ಕಟ್ಟಿಕೊಂಡು ಬರುತ್ತಾರೆ. ಅದಕ್ಕೆ ನಮ್ಮಲ್ಲಿ ಒಂದು ಕಟ್ಟು ಇದೆ. ಒಬ್ಬರ ಬಳಿ ಒಂದೇ ಗುರಾಣಿ. ಹೆಚ್ಚಿನದು ಬೇಕಿದ್ದರೆ ಕೂಲಿಯಾಳನ್ನು ಕರೆದುಕೊಂಡು ಬರಬೇಕು, ಅವನಿಂದ ಇಸಿದುಕೊಳ್ಳುವುದಕ್ಕೆ ಒಂದು ಸುತ್ತು ಪೂರ್ತಿ ಹೋಗುತ್ತದೆ. ಕೂಲಿಯಾಳು ಹೆದರಿ ಓಡಿಹೋದರೆ ಗುರಾಣಿಯೂ ಹೋಯಿತು. ಮಂತ್ರದ ಗುರಾಣಿಯಾದರೆ ಅದರ ಶಕ್ತಿ ಎಷ್ಟೋ ಅಷ್ಟು ಸಲ ತಡೆಯುತ್ತದೆ, ಪ್ರತಿ ಸಲವೂ ಒಂದೊಂದು ಅಂಕ ಕಳೆದುಕೊಳ್ಳುತ್ತದೆ. ಅಂಥ ಗುರಾಣಿ ಬಲಿಕೊಡುವಾಗ ಮೇಜಿನ ಸುತ್ತ ಇರುವವರೆಲ್ಲ ಎದ್ದು ನಿಲ್ಲುತ್ತಾರೆ.

ಇದರ ಜೊತೆಗೆ ಸೇರಿಸಿದ ಇನ್ನೊಂದು ನಿಯಮ ನನಗೆ ತುಂಬಾ ಇಷ್ಟ. ಫೈಟರ್ ತನ್ನ ಪಕ್ಕದಲ್ಲಿರುವವರಿಗೆ ಬೀಳಬೇಕಾದ ಏಟನ್ನು ಪ್ರತಿ ಸುತ್ತಿನಲ್ಲಿ ಒಂದು ಸಲ ತಾನು ತೆಗೆದುಕೊಳ್ಳಬಹುದು. ಆದರೆ ಏಟು ಎಷ್ಟು ದೊಡ್ಡದು ಎಂದು ದಾಳ ಉರುಳಿಸುವ ಮೊದಲೇ ಹೇಳಬೇಕು. ಒಮ್ಮೆ ಮೇಷ್ಟ್ರ ಮಾಂತ್ರಿಕನಿಗೆ ಉಳಿದಿದ್ದು ಎರಡೇ ಹಿಟ್ ಪಾಯಿಂಟ್. ಓಗರ್ ಎಂಬ ದೊಡ್ಡ ರಾಕ್ಷಸನ ದೊಣ್ಣೆ ಬೀಸಿ ಬಂತು. ಎದುರು ಮನೆಯ ಹುಡುಗ ಕುರ್ಚಿಯಿಂದ ಎದ್ದು, “ಸಾರ್, ನನ್ನ ಹಿಂದೆ ಬನ್ನಿ!” ಎಂದು ಕೂಗಿದ. ಗುರಾಣಿ ಒಡೆಯಿತು, ಇಬ್ಬರೂ ಉಳಿದರು. ಆ ಹುಡುಗ ಕ್ಲಾಸಿನಲ್ಲಿ ಉತ್ತರ ಗೊತ್ತಿದ್ದರೂ ಕೈ ಎತ್ತುವವನಲ್ಲ. ಫೈಟರ್ ಪಾತ್ರದಲ್ಲಿ ಯೋಚಿಸುವುದಕ್ಕೆ ಏನೂ ಇಲ್ಲ ಎಂದು ಅವನಿಗೆ ಹೇಳಿ ನೋಡಿ.

ಅಕ್ಕನ ಮಗಳ ಫೈಟರ್ ಹೆಸರು ಓಬವ್ವ. ಒನಕೆ ಹಿಡಿದೇ ಬರುತ್ತೇನೆ ಅಂದಳು. ಮೇಸ್ ಎಂಬ ಗದೆಯಂಥ ಆಯುಧಕ್ಕೆ ಪುಸ್ತಕದಲ್ಲಿ ಆರು ಮುಖದ ದಾಳ ಇದೆ, ಒನಕೆಗೂ ಅದನ್ನೇ ಕೊಟ್ಟೆ. ಚಿತ್ರದುರ್ಗದ ಕಿಂಡಿಯ ಕಥೆ ಗೊತ್ತಿರುವ ಮಗುವಿಗೆ ಇಕ್ಕಟ್ಟಾದ ಜಾಗದಲ್ಲಿ ನಿಲ್ಲಬೇಕು ಎಂದು ಯಾರೂ ಹೇಳಿಕೊಡಬೇಕಿಲ್ಲ. “ಚಿಕ್ಕಮ್ಮ, ಬಾಗಿಲಲ್ಲಿ ನಾನು ನಿಂತಿದೀನಿ, ನನ್ನ ದಾಟಿ ಅವು ಹೇಗೆ ಹೋಗ್ತವೆ?” ಎಂದು ಕೇಳಿದಳು. ಪುಸ್ತಕದಲ್ಲಿ ಇದಕ್ಕೆ ಸರಿಯಾದ ಉತ್ತರ ಇರಲಿಲ್ಲ. ಆವತ್ತಿನಿಂದ ನಮ್ಮಲ್ಲಿ ಫೈಟರ್‌ನನ್ನು ದಾಟಿ ಹೋಗಲು ನೋಡುವ ಪ್ರತಿ ಶತ್ರುವಿಗೂ ಒಂದು ಏಟು ಪುಕ್ಕಟೆ. ತಾಗಿದರೆ ಅದು ಅಲ್ಲೇ ನಿಲ್ಲಬೇಕು.

ಗುಂಪು ಚದುರಿಸುವ ಹಳೆಯ ಗುಣವನ್ನೂ ವಾಪಸ್ ತಂದಿದ್ದೇವೆ. ಗಾಬ್ಲಿನ್‌ನಂಥ, ಒಂದು ಹಿಟ್ ಡೈಸ್ (ಶತ್ರುವಿನ ಬಲದ ಅಳತೆ) ಅಥವಾ ಅದಕ್ಕಿಂತ ಕಡಿಮೆ ಇರುವ ಶತ್ರುಗಳ ಎದುರು ಲೆವೆಲ್ ಎಷ್ಟೋ ಅಷ್ಟು ಹೊಡೆತ. ಮೊದಲ ಲೆವೆಲ್‌ನಲ್ಲಿ ಇದರಿಂದ ಏನೂ ಸಿಗುವುದಿಲ್ಲವಲ್ಲ, ಅದಕ್ಕೆ ಇನ್ನೊಂದು ದಾರಿ. ಮೂರು ಹಿಟ್ ಪಾಯಿಂಟ್ ಇರುವ ಗಾಬ್ಲಿನ್‌ಗೆ ಏಳರ ಪೆಟ್ಟು ಬಿದ್ದರೆ, ಉಳಿದ ನಾಲ್ಕು ಪಕ್ಕದ ಗಾಬ್ಲಿನ್‌ಗೆ ಹರಿಯುತ್ತದೆ. ಹೊಸದಾಗಿ ದಾಳ ಉರುಳಿಸಬೇಕಿಲ್ಲ, ಆಟ ನಿಧಾನವಾಗುವುದಿಲ್ಲ. 2012ರ ‘ಅಡ್ವೆಂಚರರ್ ಕಾಂಕರರ್ ಕಿಂಗ್’ ಎಂಬ ಆಟದಲ್ಲಿ ಒಬ್ಬನನ್ನು ಬೀಳಿಸಿದರೆ ಮತ್ತೊಬ್ಬನಿಗೆ ಹೊಡೆಯುವ ಅವಕಾಶ ಇದೆ, ಫೈಟರ್‌ಗೆ ಲೆವೆಲ್‌ನಷ್ಟು ಸಲ. ಅದೂ ಒಳ್ಳೆಯದೇ. ನಮ್ಮ ಮೇಜಿಗೆ ಮಾತ್ರ ಹರಿಯುವ ಪೆಟ್ಟು ಹೆಚ್ಚು ಒಗ್ಗಿದೆ.

ಇದರ ಪಕ್ಕದಲ್ಲೇ ಧೈರ್ಯದ ಲೆಕ್ಕ ಬರುತ್ತದೆ. ಈ ಆಟದಲ್ಲಿ ರಾಕ್ಷಸರು ಕೊನೆಯುಸಿರಿನವರೆಗೆ ಕಾದಾಡುವುದಿಲ್ಲ, ಹೆದರಿ ಓಡುತ್ತಾರೆ. ಆರು ಮುಖದ ಎರಡು ದಾಳ ಉರುಳಿಸಿ, ಗಾಬ್ಲಿನ್‌ಗೆ 7ಕ್ಕಿಂತ ಜಾಸ್ತಿ ಬಂದರೆ ಓಟ. ಶೇ 42ರಷ್ಟು ಅವಕಾಶ. ಅವರ ನಾಯಕನನ್ನು ಫೈಟರ್ ತನ್ನ ಕೈಯಾರೆ ಬೀಳಿಸಿದರೆ ನಾನು ಆ ದಾಳಕ್ಕೆ 2 ಸೇರಿಸುತ್ತೇನೆ. ಶೇ 72 ಆಗುತ್ತದೆ. ಕಾಳಗ ಅರ್ಧದಲ್ಲೇ ಮುಗಿಯುತ್ತದೆ, ಹೆಣಗಳೂ ಕಡಿಮೆ. ಮಕ್ಕಳ ಜೊತೆ ಆಡಿಸುವವಳಿಗೆ ಇದು ಮುಖ್ಯ.

ಈಗ ಎಲ್ಲಕ್ಕಿಂತ ಒಳ್ಳೆಯದು. ಇದು ಹಳೆ ಶೈಲಿಯ ಆಟಗಾರರ ನಡುವೆ ಬಳಕೆಯಲ್ಲಿರುವ ನಿಯಮ, ನನ್ನ ಕಲ್ಪನೆಯಲ್ಲ. ಫೈಟರ್ ಹೊಡೆಯುವ ಮೊದಲು ತನಗೆ ಏನು ಬೇಕು ಎಂದು ಹೇಳುತ್ತಾನೆ. ಕತ್ತಿ ಕಿತ್ತುಕೊಳ್ಳಬೇಕು, ಕೆಡವಬೇಕು, ಹಿಂದಕ್ಕೆ ತಳ್ಳಬೇಕು, ಹೀಗೆ. ಏಟು ತಾಗಿದರೆ ಪೆಟ್ಟಿನ ದಾಳ ಉರುಳಿಸುತ್ತಾನೆ. ಆಗ ಎದುರಾಳಿ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಅಷ್ಟೂ ಪೆಟ್ಟನ್ನು ತಿನ್ನುವುದು, ಇಲ್ಲವೇ ಫೈಟರ್ ಹೇಳಿದ್ದಕ್ಕೆ ಒಪ್ಪುವುದು. ಬೇರೆ ಪಾತ್ರದವರೂ ಪ್ರಯತ್ನಿಸಬಹುದು, ಅವರಿಗೆ ದಾಳಿಯಲ್ಲಿ 4 ಕಡಿತ.

ಅಕ್ಕನ ಮಗಳು ಸೇತುವೆಯ ಮೇಲೆ ಓಗರ್‌ಗೆ ಎದುರಾದಳು. ಅದಕ್ಕೆ 19 ಹಿಟ್ ಪಾಯಿಂಟ್. “ಹೊಳೆಗೆ ತಳ್ತೀನಿ” ಅಂದಳು. ಏಟು ತಾಗಿತು, ಪೆಟ್ಟು 5. ಹತ್ತೊಂಬತ್ತು ಇರುವಾಗ ಐದಕ್ಕೆ ಯಾವ ಓಗರ್ ಹೊಳೆಗೆ ಬೀಳುತ್ತದೆ? ತಿಂದುಕೊಂಡಿತು, 14 ಉಳಿಯಿತು. ಮತ್ತೆ ತಳ್ಳುತ್ತೇನೆ ಅಂದಳು, ಗುರಿ ತಪ್ಪಿತು. ಅಷ್ಟರಲ್ಲಿ ಗೆಳೆಯರ ಬಾಣಗಳು 8 ಕಿತ್ತವು. ಉಳಿದದ್ದು 6. ಮೂರನೇ ಸಲವೂ ಅದೇ ಮಾತು, “ತಳ್ತೀನಿ.” ತಾಗಿತು. ಒನಕೆಯ ದಾಳದಲ್ಲಿ ಸರಿಯಾಗಿ 6 ಬಿತ್ತು. ಈಗ ಓಗರ್ ಸಾಯಬೇಕು ಅಥವಾ ಹೊಳೆಗೆ ಬೀಳಬೇಕು. ಬಿತ್ತು. ತೇಲಿಕೊಂಡು ಹೋಯಿತು. ಕೆಲವು ವಾರ ಕಳೆದು ಅದೇ ಓಗರ್ ಬೇರೆ ಊರಿನ ಹತ್ತಿರ ಸಿಕ್ಕಿತು, ಓಬವ್ವನನ್ನು ಗುರುತು ಹಿಡಿಯಿತು, ಕಾದಾಡದೆ ಮಾತಿಗೆ ಕೂತಿತು. ಬರೀ 6 ಅಂಕದ ಪೆಟ್ಟಾಗಿದ್ದರೆ ಸೇತುವೆಯ ಮೇಲೆ ಒಂದು ಹೆಣ ಬೀಳುತ್ತಿತ್ತು, ಅಷ್ಟೇ.

ಈ ನಿಯಮದ ಸೊಗಸು ಎಲ್ಲಿದೆ ಅಂದರೆ, ಆಡಿಸುವವರೂ ಯೋಚಿಸಬೇಕಾಗುತ್ತದೆ. ಯಾವ ಪ್ರಾಣಿ ಏನನ್ನು ಆರಿಸಿಕೊಳ್ಳುತ್ತದೆ? ತೋಳ ಹಿಂದೆ ಸರಿಯುತ್ತದೆ, ಅದಕ್ಕೆ ಮಾನದ ಪ್ರಶ್ನೆ ಇಲ್ಲ. ಕಳ್ಳರ ನಾಯಕ ತನ್ನ ಜನರ ಎದುರು ಕತ್ತಿ ಬಿಡುವುದಿಲ್ಲ, ಪೆಟ್ಟು ತಿನ್ನುತ್ತಾನೆ. ಎಲುಬುಗೂಡಿಗೆ ನೋವೂ ಇಲ್ಲ ಭಯವೂ ಇಲ್ಲ, ಅದು ಯಾವಾಗಲೂ ಪೆಟ್ಟನ್ನೇ ಆರಿಸುತ್ತದೆ. ಹೀಗಾಗಿ ಎಲುಬುಗೂಡುಗಳ ಜೊತೆ ಕಾದಾಡುವುದೂ ಕಳ್ಳರ ಜೊತೆ ಕಾದಾಡುವುದೂ ಬೇರೆ ಬೇರೆ ಅನುಭವ ಆಗುತ್ತದೆ. ಒಂದು ಮಾತು ಮಾತ್ರ ಖಡಾಖಂಡಿತ. ಆಡಿಸುವವರು ಇಲ್ಲಿ ನ್ಯಾಯವಾಗಿ ಇರಬೇಕು. ಆಟಗಾರನನ್ನು ಸೋಲಿಸಬೇಕು ಎಂದು ಆರಿಸಬಾರದು, ಆ ಪ್ರಾಣಿ ಬದುಕಲು ಏನು ಮಾಡುತ್ತಿತ್ತೋ ಅದನ್ನೇ ಆರಿಸಬೇಕು.

2012ರಲ್ಲಿ ಬಂದ ‘ಡಂಜನ್ ಕ್ರಾಲ್ ಕ್ಲಾಸಿಕ್ಸ್’ ಇದೇ ಆಸೆಗೆ ಬೇರೆ ದಾರಿ ಹಿಡಿದಿದೆ. ಅಲ್ಲಿ ಯೋಧನಿಗೆ ದಾಳಿಯ ಜೊತೆ ಇನ್ನೊಂದು ದಾಳ ಇರುತ್ತದೆ. ಮೊದಲ ಲೆವೆಲ್‌ನಲ್ಲಿ ಅದು ಒಂದರಿಂದ ಮೂರರವರೆಗಿನದು. ಅದರಲ್ಲಿ 3 ಅಥವಾ ಜಾಸ್ತಿ ಬಿದ್ದು ಏಟೂ ತಾಗಿದರೆ, ಅವನು ಹೇಳಿದ ಸಾಹಸ ನಡೆಯುತ್ತದೆ. ದಾಳದ ಮೇಲೆ ಪ್ರೀತಿ ಇರುವವರು ಅದನ್ನು ಬಳಸಿ.

ಬೇಡ ಎನ್ನುವ ನಿಯಮಗಳೂ ಇವೆ. 1975ರಲ್ಲಿ ಫೈಟರ್‌ಗೆಂದೇ ವಿಶೇಷ ಬಲ ಎಂಬುದೊಂದು ಬಂತು. ಬಲದ ಅಂಕ 18 ಬಿದ್ದವರು ಇನ್ನೊಮ್ಮೆ ನೂರರ ದಾಳ ಉರುಳಿಸಬಹುದು. ಮೂರು ದಾಳದಲ್ಲಿ 18 ಬೀಳುವುದು 216ಕ್ಕೆ ಒಂದು ಸಲ. ಅದರ ಮೇಲೆ ನೂರಕ್ಕೆ ನೂರು ಬೀಳುವುದು 21,600ಕ್ಕೆ ಒಂದು ಸಲ. ಒಬ್ಬ ಅದೃಷ್ಟವಂತನಿಗೆ ಎಲ್ಲ ಸಿಕ್ಕಿ, ಉಳಿದ ಫೈಟರ್‌ಗಳಿಗೆ ಏನೂ ಸಿಗದ ನಿಯಮ ಫೈಟರ್ ಪಾತ್ರಕ್ಕೆ ಮಾಡಿದ ಉಪಕಾರ ಅಲ್ಲ. 1985ರಲ್ಲಿ ಒಂದೇ ಆಯುಧದಲ್ಲಿ ಪರಿಣತಿ ಪಡೆಯುವ ನಿಯಮ ಬಂತು. ಆ ಆಯುಧ ಹಿಡಿದಾಗ ದಾಳಿಗೂ ಪೆಟ್ಟಿಗೂ ಒಳ್ಳೆಯ ಹೆಚ್ಚುವರಿ ಸಿಗುತ್ತದೆ, ನಿಜ. ಆದರೆ ಕತ್ತಿಯ ಪರಿಣತನಿಗೆ ಗುಹೆಯಲ್ಲಿ ಮಂತ್ರದ ಕೊಡಲಿ ಸಿಕ್ಕರೆ ಅವನು ಅದನ್ನು ಮಾರಿಬಿಡುತ್ತಾನೆ. ಸಿಕ್ಕಿದ್ದನ್ನು ಕೈಗೆತ್ತಿಕೊಂಡು ಹೋರಾಡುವುದೇ ಫೈಟರ್‌ನ ಹೆಚ್ಚುಗಾರಿಕೆ. ಅದನ್ನು ಕಿತ್ತುಕೊಂಡು ಅಂಕಿ ಕೊಟ್ಟರೆ ಏನು ಬಂತು?

2000ದಲ್ಲಿ ಬಂದ ಆವೃತ್ತಿಯಲ್ಲಿ ಫೈಟರ್‌ಗೆ ಹನ್ನೊಂದು ಹೆಚ್ಚುವರಿ ಕೌಶಲಗಳನ್ನು ಉದ್ದದ ಪಟ್ಟಿಯಿಂದ ಆರಿಸಿಕೊಳ್ಳುವ ಅವಕಾಶ ಇತ್ತು. ಅದನ್ನು ಪ್ರೀತಿಸುವವರು ಬಹಳ ಜನ ಇದ್ದಾರೆ. ನನಗೆ ಅದರಲ್ಲಿ ಕಾಣುವ ತೊಂದರೆ ಬೇರೆ. ಕೆಡವುವುದಕ್ಕೆ ಒಂದು ಕೌಶಲ ಎಂದು ಬರೆದ ಕೂಡಲೇ, ಅದು ಇಲ್ಲದವನು ಕೆಡವುವ ಯೋಚನೆಯನ್ನೇ ಬಿಡುತ್ತಾನೆ. ಮಗು ತಲೆ ಎತ್ತಿ ಸೇತುವೆಯನ್ನೂ ಹೊಳೆಯನ್ನೂ ಊಹಿಸಿಕೊಳ್ಳುವ ಬದಲು, ತಲೆ ತಗ್ಗಿಸಿ ಹಾಳೆಯಲ್ಲಿ ಹುಡುಕುತ್ತದೆ.

ಫೈಟರ್ ಜಾಸ್ತಿ ಬಲವಾದರೆ ಮಾಂತ್ರಿಕನನ್ನು ಆಡುವವರಿಗೆ ಬೇಜಾರಾಗುವುದಿಲ್ಲವೇ ಎಂದು ಮೇಷ್ಟ್ರು ಕೇಳುತ್ತಲೇ ಇರುತ್ತಾರೆ. ಐದನೇ ಲೆವೆಲ್‌ಗೆ ಹೋದ ಮಾಂತ್ರಿಕ ಬೆಂಕಿಯ ಉಂಡೆ ಎಸೆಯುತ್ತಾನೆ, ಲೆವೆಲ್‌ಗೊಂದು ದಾಳದ ಪೆಟ್ಟು, ಇಡೀ ಕೋಣೆಗೆ. ಅಲ್ಲಿಗೆ ಮುಟ್ಟಲು ಅವನಿಗೆ 20,000 ಅಂಕ ಬೇಕು. ಅಲ್ಲಿಯವರೆಗೆ ಅವನನ್ನು ಜೀವಂತ ಉಳಿಸುವವರು ಯಾರು? ಬಾಗಿಲಲ್ಲಿ ನಿಂತ ಫೈಟರ್. ನಮ್ಮ ಮೇಷ್ಟ್ರ ಮಾಂತ್ರಿಕ ಇನ್ನೂ ಬದುಕಿದ್ದಾನೆ ಎಂಬುದೇ ನನ್ನ ಉತ್ತರ.

ಮುಂದೆ ಈ ಆಟಗಳ ಬಗ್ಗೆ ಇನ್ನೊಂದು ಲೇಖನ ಹಾಕುವುದಾದರೆ ಎರಡು ವಿಷಯ ಸೇರಿಸಿ ಎಂದು ಕೇಳಿಕೊಳ್ಳುತ್ತೇನೆ. ದುಬಾರಿ ಪುಸ್ತಕ ಕೊಳ್ಳಲೇಬೇಕು ಎಂದೇನಿಲ್ಲ. ‘ಬೇಸಿಕ್ ಫ್ಯಾಂಟಸಿ’ ಎಂಬ ಹಳೆ ಶೈಲಿಯ ಆಟದ ಪೂರ್ತಿ ಪುಸ್ತಕ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಮೇಲಿನ ನಿಯಮಗಳನ್ನೆಲ್ಲ ಅದಕ್ಕೂ ಸೇರಿಸಿಕೊಳ್ಳಬಹುದು. ಹಾಗೆಯೇ, ಹೊಸಬರಿಗೆ ಯಾವ ಪಾತ್ರ ಬೇಕೋ ಅದನ್ನೇ ಕೊಡಿ ಎಂದು ಬರೆಯಿರಿ. ಮಾಂತ್ರಿಕ ಬೇಕು ಅಂದರೆ ಮಾಂತ್ರಿಕ. ಫೈಟರ್ ಬೇಕು ಅಂದರೆ, ಗುರಾಣಿ ಒಡೆಯಬಹುದು ಎಂಬುದನ್ನು ಮೊದಲೇ ಹೇಳಿಬಿಡಿ.

ನಮ್ಮಲ್ಲಿ ಇನ್ನೂ ತೀರ್ಮಾನವಾಗದ ಒಂದು ಜಗಳ ಇದೆ. ಬಿಲ್ಲು ಹಿಡಿದ ಫೈಟರ್‌ಗೂ ಹರಿಯುವ ಪೆಟ್ಟು ಸಿಗಬೇಕೇ? ಒಂದೇ ಬಾಣ ಇಬ್ಬರನ್ನು ದಾಟುವುದಿಲ್ಲ ಎನ್ನುತ್ತಾರೆ ಮೇಷ್ಟ್ರು. ಹತ್ತಿರದಲ್ಲಿ, ಸಾಲಾಗಿ ನಿಂತಿದ್ದರೆ ಯಾಕೆ ದಾಟಬಾರದು ಎನ್ನುತ್ತಾನೆ ಅವರ ಮಗ. ನಿಮ್ಮ ಓದುಗರಲ್ಲಿ ಈ ಆಟ ಆಡುವವರು ಇದ್ದರೆ, ಅವರ ಮನೆಯಲ್ಲಿ ಇದಕ್ಕೆ ಏನು ನಿಯಮ ಎಂದು ಇದೇ ಅಂಕಣಕ್ಕೆ ಬರೆಯಲಿ. ಓದಿ ಹೇಳುವುದಕ್ಕೆ ನಾಲ್ಕು ಜನ ಕಾದಿದ್ದಾರೆ.

ಇಂತಿ,
ಗಣಿತದ ಶಿಕ್ಷಕಿ
ಕುವೆಂಪುನಗರ, ಮೈಸೂರು